ಕಷ್ಟಕ್ಕೆ ಪುರಾವೆ

ನನಗೆ ಹೇಳಿಕೊಳ್ಳುವಂಥ ಕಷ್ಟವೇನೂ ಇಲ್ಲವೆಂದು ವಲಸೆ ಇಲಾಖೆಯವರು ತೀರ್ಮಾನ ಮಾಡಿ ಕಾಗದ ಕಳಿಸಿದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂರು ಪುಟದ ಕಾಗದ. ನಾನು ನನ್ನ ಗಂಡನಿಗೆ ಫೋನಿನಲ್ಲಿ ಬರೆದ ಮಾತುಗಳನ್ನೇ ತಮ್ಮ ಭಾಷೆಗೆ ತಿರುಗಿಸಿಕೊಂಡು, ತಾರೀಖಿನ ಸಮೇತ ಎರಡನೆಯ ಪುಟದಲ್ಲಿ ಸಾಲಾಗಿ ಕೊಟ್ಟಿದ್ದರು. ‘ನಾನು ಚೆನ್ನಾಗಿದ್ದೀನಿ.’ ‘ಊಟ ಆಯ್ತು, ಯೋಚನೆ ಮಾಡ್ಬೇಡಿ.’ ‘ಇಲ್ಲಿ ಏನೂ ತೊಂದ್ರೆ ಇಲ್ಲ.’ ‘ಆರಾಮಾಗಿದ್ದೀನಿ ರೀ.’ ಕೊನೆಗೊಂದು ಷರಾ: ಗಂಡ ದೂರವಿದ್ದರೂ ಹೆಂಡತಿ ಆರೋಗ್ಯವಾಗಿ, ನೆಮ್ಮದಿಯಾಗಿ, ಹೊತ್ತಿಗೆ ಸರಿಯಾಗಿ ಉಂಡುಕೊಂಡು ಇರುವುದು ಆಕೆಯ ಮಾತುಗಳಿಂದಲೇ ಕಂಡುಬರುತ್ತದೆ, ಆದ್ದರಿಂದ ವಿನಾಯಿತಿ ನಿರಾಕರಿಸಲಾಗಿದೆ.

ಆ ಮೆಸೇಜುಗಳ ಕಟ್ಟನ್ನು ಅವರ ಕೈಗೆ ಕೊಟ್ಟವಳೂ ನಾನೇ. ಮದುವೆ ನಿಜವಾದದ್ದು, ಕಾಗದಕ್ಕಾಗಿ ಮಾಡಿಕೊಂಡದ್ದಲ್ಲ ಎಂದು ತೋರಿಸಲು ಗಂಡ ಹೆಂಡತಿಯ ಪತ್ರವ್ಯವಹಾರ ಲಗತ್ತಿಸಿ ಎಂದು ಅರ್ಜಿಯಲ್ಲಿ ಕೇಳಿತ್ತು. ಅಲ್ಲಿಯವರೆಗಿನ ಮಾತನ್ನೆಲ್ಲ ಪ್ರಿಂಟು ತೆಗೆಸಿ, ದಿಂಬಿನಷ್ಟು ದಪ್ಪದ ಕಟ್ಟು ಮಾಡಿ, ಹೆಮ್ಮೆಯಿಂದ ಕೊಟ್ಟೆ. ಓದಿದವರು ಇಂಥ ಜೋಡಿಯನ್ನು ಎಲ್ಲೂ ಕಂಡಿಲ್ಲ ಅನ್ನಬೇಕೆಂದು ಆಸೆ. ನನ್ನ ಬುದ್ಧಿಗೆ ಏನು ಹೇಳಲಿ. ಮದುವೆ ನಿಜವೆಂದು ಅವರು ಒಪ್ಪಿಕೊಂಡರು, ಕಷ್ಟ ಸುಳ್ಳೆಂದರು.

ನಡೆದದ್ದು ಇಷ್ಟು. ನನ್ನ ಅಪ್ಪ ಈ ಊರಿನ ಆಸ್ಪತ್ರೆಯ ಅಡುಗೆಮನೆಗೆ ಕೆಲಸಕ್ಕೆ ಬಂದಾಗ ನನಗೆ ಹನ್ನೆರಡು ವರ್ಷ. ಅಪ್ಪನಿಗೆ ಪೌರತ್ವ ಸಿಕ್ಕಿದಾಗ ಅವರ ಬೆನ್ನಿಗೇ ನನಗೂ ಸಿಕ್ಕಿತು. ಅಪ್ಪ, ಅಮ್ಮ ಇಬ್ಬರೂ ಈಗಿಲ್ಲ. ನಮ್ಮವರು, ಅಂದರೆ ನನ್ನ ಗಂಡ, ಇಲ್ಲಿಗೆ ಬಂದದ್ದು ಟೈಲ್ಸ್ ಹಾಕುವ ಕೆಲಸಕ್ಕೆ, ಎರಡು ವರ್ಷದ ವೀಸಾ ಮೇಲೆ. ಅವಧಿ ಮುಗಿದ ಮೇಲೂ ಕಂಟ್ರಾಕ್ಟರು ಇವತ್ತು ಮಾಡಿಸ್ತೀನಿ, ನಾಳೆ ಮಾಡಿಸ್ತೀನಿ ಎನ್ನುತ್ತಲೇ ಹೋದ, ಇವರು ನಂಬುತ್ತಲೇ ಹೋದರು. ಅಷ್ಟರಲ್ಲಿ ನಮ್ಮ ಮದುವೆಯಾಯಿತು. ಈ ದೇಶದ ಪ್ರಜೆಯ ಗಂಡನಿಗೆ ಕಾಯಂ ವಾಸದ ಹಕ್ಕು ಸಿಗುತ್ತದೆ, ನಿಜ. ಆದರೆ ಅದಕ್ಕೆ ದೇಶ ಬಿಟ್ಟು ಹೊರಗೆ ಹೋಗಿ, ಹುಟ್ಟಿದ ದೇಶದ ಕಾನ್ಸುಲೇಟಿನಲ್ಲಿ ಸಂದರ್ಶನ ಕೊಟ್ಟು ವಾಪಸು ಬರಬೇಕು. ಮೂರು ವಾರಕ್ಕೆಂದು ಸಣ್ಣದೊಂದು ಸೂಟ್‌ಕೇಸು ಹಿಡಿದು ಹೋದರು. ಕಿಟಕಿಯ ಆಚೆಯವಳು ಪಾಸ್‌ಪೋರ್ಟು ತಿರುವಿ ನೋಡಿ, ವೀಸಾ ಮೀರಿ ಉಳಿದಿದ್ದೀರಿ, ಇನ್ನು ಹತ್ತು ವರ್ಷ ಒಳಗೆ ಬರುವ ಹಾಗಿಲ್ಲ ಎಂದಳು.

ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ. ಗಂಡನಿಲ್ಲದೆ ಇಲ್ಲಿರುವ ಹೆಂಡತಿಗೆ ವಿಪರೀತ ಕಷ್ಟವಾಗುತ್ತಿದೆ ಎಂದು ತೋರಿಸಿದರೆ ಆ ಹತ್ತು ವರ್ಷವನ್ನು ಮನ್ನಾ ಮಾಡುತ್ತಾರೆ. ವಿಪರೀತ ಎಂಬ ಮಾತನ್ನು ನೆನಪಿಡಬೇಕು. ಬೇಸರವಾಗುತ್ತೆ, ನೆನಪಾಗುತ್ತೆ, ಮನೆ ಬಿಕೋ ಅನ್ನುತ್ತೆ ಎಂಬುದೆಲ್ಲ ಮಾಮೂಲಿ ಕಷ್ಟದ ಲೆಕ್ಕಕ್ಕೆ ಹೋಗುತ್ತದೆ. ಅವರಿಗೆ ಅಲ್ಲಿ ಎಷ್ಟು ಕಷ್ಟವಾದರೂ ಯಾರೂ ಕೇಳುವುದಿಲ್ಲ, ನನ್ನದು ಮಾತ್ರ ಎಣಿಕೆಗೆ ಬರುತ್ತದೆ. ಅಂಥ ನನ್ನನ್ನು ನೋಡಿದರೆ, ಊಟ ಆಯ್ತು, ಆರಾಮಾಗಿದ್ದೀನಿ ಎನ್ನುತ್ತಾ ಕೂತಿದ್ದೇನೆ.

ಹೇಗಿದ್ದೀಯ ಎಂದರೆ ಮತ್ತೇನು ಹೇಳುವುದು, ನೀವೇ ಹೇಳಿ. ನಮ್ಮ ಅಪ್ಪ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾಗಲೂ ನೋಡಲು ಬಂದವರಿಗೆ, ಪರವಾಗಿಲ್ಲ, ನೀವು ಹೇಗಿದ್ದೀರಿ ಎಂದೇ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಅದೇ ಮರ್ಯಾದೆ. ಎರಡು ವಿಮಾನ ಬದಲಿಸಿದರೆ ಮಾತ್ರ ತಲುಪುವಷ್ಟು ದೂರ ಕೂತಿರುವ ಮನುಷ್ಯನಿಗೆ ಜ್ವರ ಬಂದಿದೆ ಎಂದು ಹೇಳಿ ಏನು ಪ್ರಯೋಜನ. ಅಲ್ಲಿ ಅನ್ನ ಬಿಟ್ಟು ಕೂರುತ್ತಾರೆ, ಅಷ್ಟೇ. ಅವರೇನು ಕಡಿಮೆ? ಒಂದು ತಿಂಗಳು ಫೋನಿನಲ್ಲಿ ಕೆಮ್ಮಿ ಕೆಮ್ಮಿ, ಕೇಳಿದರೆ ಸಿಮೆಂಟಿನ ಧೂಳು ಕಣೇ ಎಂದು ಮಾತು ತೇಲಿಸಿಬಿಟ್ಟರು. ದಿನಾ ಮಧ್ಯಾಹ್ನ ನನ್ನ ಊಟದ ವಿರಾಮಕ್ಕೆ ಸರಿಯಾಗಿ ಫೋನು ಮಾಡುತ್ತಿದ್ದರು. ಇಬ್ಬರೂ ಚೆನ್ನಾಗಿದ್ದೇವೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಇಟ್ಟುಬಿಡುತ್ತಿದ್ದೆವು.

ಮೊದಲ ಅರ್ಜಿ ಬಿದ್ದುಹೋದ ಮೇಲೆ ವಕೀಲೆಯ ಹತ್ತಿರ ಹೋದೆ. ನಮ್ಮ ಭಾಷೆಯವಳು, ಅದೂ ಅಜ್ಜಿಯಿಂದ ಕಲಿತದ್ದು. ಹಾಗಾಗಿ ಮೂವತ್ತು ದಾಟದ ಹುಡುಗಿ ಎಪ್ಪತ್ತರ ಮುದುಕಿಯ ಹಾಗೆ ಮಾತಾಡುತ್ತಿದ್ದಳು. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಕೋಣೆ ಅವಳ ಆಫೀಸು. ಕುರ್ಚಿಯ ಮೇಲೆ ಫೈಲು, ಕಿಟಕಿಯಲ್ಲಿ ಫೈಲು, ಕೂರಬೇಕಾದರೆ ಯಾರದೋ ಸಂಸಾರವನ್ನು ಎತ್ತಿ ನೆಲದ ಮೇಲಿಡಬೇಕು. ನಾನು ಮನಸ್ಸಿನಲ್ಲೇ ಅವಳಿಗೆ ಫೈಲಮ್ಮ ಎಂದು ಹೆಸರಿಟ್ಟೆ. ಇಲಾಖೆಯ ಕಾಗದ ಓದಿ ನಕ್ಕಳು. ನನಗೆ ರೇಗಿತು. ಏನಮ್ಮಾ, ನಗುವಂಥದ್ದೇನಿದೆ ಎಂದೆ.

‘ಕೋಪ ಮಾಡ್ಕೋಬೇಡಿ ತಾಯಿ’ ಎಂದಳು. ‘ಗಂಡನಿಗೆ ನೀವು ಹೇಳ್ಕೊಂಡು ಬಂದ ಸುಳ್ಳಿಗೆ ಸರ್ಕಾರ ಮೊಹರು ಒತ್ತಿದೆ, ಅಷ್ಟೇ. ಈಗ ನಿಜ ಹೇಳಿ. ಏನು ಕಷ್ಟ ನಿಮಗೆ?’

ನನಗೇನು ಕಷ್ಟ, ಕೈಕಾಲು ಗಟ್ಟಿಯಿದೆ, ಕೆಲಸ ಇದೆ ಎಂದೆ. ಅಪರಿಚಿತರ ಮುಂದೆ ಗೋಳಾಡಿ ಗೊತ್ತಿಲ್ಲ ನನಗೆ. ಅವಳು ಪೆನ್ನು ಕೆಳಗಿಟ್ಟು, ಹೋಗಲಿ ಬಿಡಿ, ಕಷ್ಟ ಬೇಡ, ನಿನ್ನೆ ಬೆಳಿಗ್ಗೆ ಎದ್ದಲ್ಲಿಂದ ಏನೇನು ಮಾಡಿದಿರಿ ಹೇಳಿ ಎಂದಳು. ಕಿಲಾಡಿ. ಅದರಲ್ಲೇನಿದೆ ಎಂದು ನಾನು ಶುರು ಮಾಡಿದೆ.

ಐದಕ್ಕೆ ಏಳುತ್ತೇನೆ. ಬಾಗಿಲಿಗೆ ಒತ್ತಿ ಇಟ್ಟ ಕುರ್ಚಿ ತೆಗೆಯುತ್ತೇನೆ. ಕುರ್ಚಿ ಯಾಕೆ ಎಂದಳು. ಚಿಲಕ ಸಡಿಲವಿದೆ, ಎದುರು ಮನೆಯವನು ಕುಡಿದಾಗ ಬಾಗಿಲು ಮರೆಯುತ್ತಾನೆ, ಎರಡು ಸಲ ನನ್ನದನ್ನು ತಳ್ಳಿದ್ದಾನೆ ಎಂದೆ. ಬರೆದುಕೊಂಡಳು. ಬಸ್ಸು ಹಿಡಿದು ಆಸ್ಪತ್ರೆಯ ಲಾಂಡ್ರಿಗೆ ಹೋಗುತ್ತೇನೆ. ಅಲ್ಲಿ ಇಸ್ತ್ರಿ ಮಾಡುವ, ಮಂಚದಷ್ಟು ಅಗಲದ ಬಿಸಿ ರೋಲರಿದೆ. ಒಗೆದ ಬೆಡ್‌ಶೀಟಿನ ಒಂದು ತುದಿ ನಾನು, ಇನ್ನೊಂದು ತುದಿ ನನ್ನ ಜೊತೆಗಾತಿ ಹಿಡಿದು ಅದರ ಬಾಯಿಗೆ ಕೊಡಬೇಕು. ದಿನಕ್ಕೆ ಎಂಟುನೂರು ಬೆಡ್‌ಶೀಟು. ಅವಳ ಭಾಷೆ ನನಗೆ ಬರುವುದಿಲ್ಲ, ನನ್ನದು ಅವಳಿಗೆ ಬರುವುದಿಲ್ಲ. ಈ ಊರಿನ ಭಾಷೆಯಲ್ಲಿ ಬಿಸಿ, ಬೇಗ, ನಿಲ್ಲಿಸು ಎಂಬ ಹತ್ತಿಪ್ಪತ್ತು ಮಾತು ಅವಳಿಗೆ ಬರುತ್ತವೆ, ಅಷ್ಟರಲ್ಲೇ ನಮ್ಮ ಸ್ನೇಹ. ಮನೆಗೆ ಬಂದ ಮೇಲೆ ಯಾರ ಜೊತೆ ಮಾತಾಡ್ತೀರಿ ಎಂದು ಫೈಲಮ್ಮ ಕೇಳಿದಳು. ಯಾರ ಜೊತೆ ಮಾತಾಡೋದು, ಬಾಯಿ ತೊಳೆದು ಮಲಗ್ತೀನಿ ಎಂದೆ. ಬರೆದುಕೊಂಡಳು. ಅವಳು ಬರೆದುಕೊಂಡ ಹಾಗೆಲ್ಲ ನನಗೆ ಇರಿಸುಮುರಿಸು. ನನ್ನ ದಿನಚರಿಯಲ್ಲಿ ಬರೆದುಕೊಳ್ಳುವಂಥದ್ದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಬಲಗೈ ಮಣಿಕಟ್ಟಿನ ಗಾಯದ ಗೆರೆ ನೋಡಿ ಇದೇನು ಎಂದಳು. ಅದಾ, ಎರಡು ವರ್ಷದ ಹಿಂದೆ ಲಾಂಡ್ರಿಯ ಒದ್ದೆ ನೆಲದಲ್ಲಿ ಜಾರಿದೆ, ಮೂಳೆ ಮುರಿದು ಒಳಗೆ ತಗಡು ಕೂರಿಸಿದರು ಎಂದೆ. ಆಪರೇಷನ್ನಿಗೆ ಮುಂಚೆ, ಮನೆಗೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ಹೆಸರು ಬರೆಯಿರಿ ಎಂದು ನರ್ಸು ಕಾಗದ ಕೊಟ್ಟಿದ್ದಳು. ಇಪ್ಪತ್ತೇಳು ವರ್ಷ ಇದೇ ಊರಿನಲ್ಲಿದ್ದು ನನಗೆ ಬರೆಯಲು ಹೆಸರು ಹೊಳೆಯಲಿಲ್ಲ. ಜೊತೆಗಾತಿಯ ಹೆಸರು ಬರೆದೆ, ಅಡ್ಡಹೆಸರು ಗೊತ್ತಿರಲಿಲ್ಲ. ಅವಳ ಪಾಳಿ ಮುಗಿಯುವವರೆಗೂ ಮದ್ದಿನ ಮಂಪರಿನಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಆರು ವಾರ ಕೈಗೆ ಪ್ಲಾಸ್ಟರು. ಚಳಿ ಬೇರೆ. ಒಂದೇ ಕೈಯಲ್ಲಿ ಕೋಟಿನ ಗುಂಡಿ ಹಾಕಲು ಆಗುತ್ತಿರಲಿಲ್ಲ. ಬಸ್ ಸ್ಟಾಪಿನಲ್ಲಿ ಯಾರಾದರೂ ಹೆಂಗಸು ನಿಂತಿದ್ದರೆ ಹತ್ತಿರ ಹೋಗಿ, ಸ್ವಲ್ಪ ಗುಂಡಿ ಹಾಕಿಕೊಡ್ತೀರಾ ಎಂದು ಕೇಳುತ್ತಿದ್ದೆ. ಯಾರೂ ಇಲ್ಲದ ದಿನ ಕೋಟನ್ನು ಕೈಯಿಂದ ಅವುಚಿಕೊಂಡು ನಿಲ್ಲುತ್ತಿದ್ದೆ. ನಮ್ಮವರಿಗೆ ವಿಡಿಯೊ ಕರೆ ಮಾಡಬೇಡಿ, ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದುಬಿಟ್ಟಿದ್ದೆ.

ಫೈಲಮ್ಮ ಅಷ್ಟೂ ಬರೆದಳು. ಆಮೇಲೆ ತಲೆ ಎತ್ತದೆ, ಮಕ್ಕಳು ಎಂದಳು.

ಇಲ್ಲ ಎಂದೆ. ಬೇಕಿತ್ತಾ ಎಂದಳು. ಎಂಥ ಪ್ರಶ್ನೆ. ಎದ್ದು ಹೋಗಿಬಿಡೋಣ ಅನಿಸಿತು, ಆದರೆ ತೊಡೆಯ ಮೇಲೆ ಅವಳದೇ ನಾಲ್ಕು ಫೈಲುಗಳಿದ್ದವು. ಕೂತೇ ಹೇಳಿದೆ. ನಮ್ಮವರು ಹೋದ ಮರುವರ್ಷ, ನನಗೆ ಮೂವತ್ತೇಳಾಗಿದ್ದಾಗ, ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಂಡಿದ್ದೆ. ಮಗುವಾಗುವುದಿದ್ದರೆ ಹೆಚ್ಚೆಂದರೆ ಎರಡು ವರ್ಷ, ಆಮೇಲೆ ನಾನು ಭರವಸೆ ಕೊಡಲಾರೆ ಎಂದಿದ್ದರು ಆ ಡಾಕ್ಟರು. ಯಾರಿಗೂ ಹೇಳಿರಲಿಲ್ಲ. ಅರ್ಜಿ ಹಾಕುತ್ತೇವೆ, ವರ್ಷದಲ್ಲಿ ಬಂದುಬಿಡುತ್ತಾರೆ, ಸುಮ್ಮನೆ ಅವರ ತಲೆ ಯಾಕೆ ಕೆಡಿಸಬೇಕು ಎಂದುಕೊಂಡಿದ್ದೆ.

ಫೈಲಮ್ಮ ಪೆನ್ನು ಹಿಡಿದುಕೊಂಡೇ ಕೂತಿದ್ದಳು. ಈ ಮಾತು ಮೊದಲ ಅರ್ಜಿಯಲ್ಲಿತ್ತಾ ಎಂದು ಕೇಳಿದಳು. ಇರಲಿಲ್ಲ ಎಂದೆ. ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಮತ್ತೆ ಅದೇ ಡಾಕ್ಟರ ಹತ್ತಿರ ಕಳಿಸಿದಳು. ಪರೀಕ್ಷೆ ಮಾಡಿ, ಆ ಕಾಲ ಮುಗಿದಿದೆ ಎಂದು ಅವರು ಒಂದೇ ಸಾಲಿನಲ್ಲಿ ಬರೆದುಕೊಟ್ಟರು. ಆ ಕಾಗದ, ಮಣಿಕಟ್ಟಿನ ಎಕ್ಸ್‌ರೇ, ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಕ್ಕೆ ಸಾಕ್ಷಿಯಾಗಿ ಜೊತೆಗಾತಿ ತನ್ನ ಭಾಷೆಯಲ್ಲಿ ಬರೆದುಕೊಟ್ಟ ಅರ್ಧ ಪುಟ, ಎಲ್ಲ ಸೇರಿಸಿ ಹೊಸ ಅರ್ಜಿ ತಯಾರಾಯಿತು. ಜೊತೆಗಾತಿ ಏನು ಬರೆದಿದ್ದಾಳೆಂದು ತರ್ಜುಮೆಯಾಗಿ ಬಂದ ಮೇಲೆ ಗೊತ್ತಾಯಿತು: ಇವಳು ಒಂದು ದಿನವೂ ನೋವು ಎಂದವಳಲ್ಲ, ಆದರೆ ಬೆಡ್‌ಶೀಟು ಎಳೆಯುವಾಗ ಕೈಯಲ್ಲಿ ಗೊತ್ತಾಗುತ್ತದೆ. ಅದನ್ನು ಓದಿದ ದಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿಕೊಂಡು ಅತ್ತೆ.

ಅರ್ಜಿದಾರರು ನಮ್ಮವರು. ಹಾಗಾಗಿ ಅವರ ಸಹಿ ಬೇಕು, ಫೈಲಮ್ಮ ಬರೆದುಕೊಂಡ ನನ್ನ ಹೇಳಿಕೆಯ ಪ್ರತಿ ಅವರಿಗೆ ಹೋಗಲೇಬೇಕು. ದಾಖಲೆಗಳು ಹೋಗಬೇಕಾಗಿಲ್ಲ, ಹೇಳಿಕೆಯೊಂದೇ. ಕಳಿಸುವ ಮುಂಚೆ ನೀವೇ ಅವರಿಗೆ ಹೇಳಿಬಿಡಿ ತಾಯಿ ಎಂದು ಫೈಲಮ್ಮ ಎರಡೆರಡು ಸಲ ಹೇಳಿದಳು. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಎಂದುಬಿಟ್ಟೆ. ಫೋನು ಮಾಡಿ ನಮ್ಮವರಿಗೆ ಹೇಳಿದ್ದೇ ಬೇರೆ: ರೀ, ವಕೀಲೆ ಒಗ್ಗರಣೆ ಹಾಕಿ ಬರೆದಿದ್ದಾಳೆ, ಹಾಗೆ ಬರೆಯದಿದ್ರೆ ಆಗಲ್ವಂತೆ, ಓದಿ ಗಾಬರಿ ಬೀಳಬೇಡಿ, ಸುಮ್ಮನೆ ಸಹಿ ಹಾಕಿ.

ಅವರು ಓದಿ, ಸಹಿ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಪರವಾಗಿಲ್ವೇ, ಕಥೆ ಕಟ್ಟೋದರಲ್ಲಿ ಗಟ್ಟಿಗಿತ್ತಿ ನಿಮ್ಮ ವಕೀಲೆ, ಓದಿದ್ರೆ ನನಗೇ ನಿನ್ನ ಮೇಲೆ ಅಯ್ಯೋ ಅನಿಸುತ್ತೆ ಎಂದರು. ಅಲ್ಲಿಂದ ಒಂದೂವರೆ ವರ್ಷ ಅದೇ ತಮಾಷೆ. ಫೋನು ಮಾಡಿದ ತಕ್ಷಣ, ಏನಮ್ಮಾ ಮಹಾರಾಯ್ತಿ, ಇವತ್ತು ಕೋಟಿನ ಗುಂಡಿ ಯಾರು ಹಾಕಿದ್ರು ಎನ್ನುವುದು. ಕುರ್ಚಿ ಬಾಗಿಲಿಗಿಟ್ಟೆಯಾ, ಕಳ್ಳ ಬಂದಾನು ಎನ್ನುವುದು. ನಾನೂ ನಗುತ್ತಿದ್ದೆ. ನಗದೆ ಏನು ಮಾಡಲಿ. ಲಾಂಡ್ರಿಯ ಹಿಂದಿನ ಮೆಟ್ಟಿಲ ಮೇಲೆ ಡಬ್ಬಿ ತೆರೆದಿಟ್ಟುಕೊಂಡು, ನನ್ನ ಜೀವನದ ಬಗ್ಗೆ ನಾನೇ ನಗುತ್ತಿದ್ದೆ. ಎಲ್ಲೋ ಒಂದು ಆಫೀಸಿನಲ್ಲಿ ಮುಖ ಕಾಣದ ಒಬ್ಬ ಅಧಿಕಾರಿಗೆ ನಾನು ಹೇಗೆ ಬದುಕುತ್ತಿದ್ದೇನೆಂದು ಗೊತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷವಾದ ಗಂಡನಿಗೆ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಒಂಟಿತನ ಬೇರೆ ಇದೆಯೆಂದು ನನಗನಿಸುವುದಿಲ್ಲ.

ಹೇಳಿಕೆಯಲ್ಲಿದ್ದ, ಇನ್ನು ಮಗುವಾಗದು ಎಂಬ ಸಾಲಿನ ಬಗ್ಗೆ ಮಾತ್ರ ಅವರು ತಮಾಷೆ ಮಾಡಲಿಲ್ಲ. ಅಂಥ ಅಪಶಕುನದ ಮಾತು ಬರೆಸಬಾರದಿತ್ತು ಕಣೇ ಎಂದು ಒಮ್ಮೆ ಗೊಣಗಿದರು. ಇನ್ನೊಮ್ಮೆ, ನಾನು ಬಂದ ಮೇಲೆ ಈ ಮನೆ ಬಿಟ್ಟು, ಒಂದು ಚಿಕ್ಕ ರೂಮು ಜಾಸ್ತಿ ಇರೋ ಮನೆ ನೋಡೋಣ, ಅದರ ನೆಲಕ್ಕೆ ನಾನೇ ಟೈಲ್ಸ್ ಹಾಕ್ತೀನಿ, ಜಾರದಂಥವು ಸಿಗುತ್ತವೆ, ಮಕ್ಕಳು ಬಿದ್ದರೂ ಪೆಟ್ಟಾಗಲ್ಲ ಎಂದರು. ಆಗಲಿ ರೀ ಎಂದೆ.

ಕಾಗದ ಬಂದದ್ದು ಒಂದು ಶನಿವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ. ಮೆಟ್ಟಿಲ ಮೇಲೇ ಲಕೋಟೆ ಹರಿದೆ. ವಿನಾಯಿತಿ ಮಂಜೂರಾಗಿದೆ. ಕಾಯಂ ವಾಸದ ವೀಸಾಕ್ಕೆ ಮುಂದಿನ ತಿಂಗಳೇ ಕಾನ್ಸುಲೇಟಿಗೆ ಹೋಗಬಹುದು. ಅಲ್ಲೇ ಕೂತೆ. ಎದುರು ಮನೆಯವನು ಇಳಿದು ಹೋಗುವಾಗ ಏನಾಯ್ತು ಎಂದ. ನನ್ನ ಗಂಡ ಬರ್ತಾರೆ ಎಂದೆ. ನಿಮಗೆ ಗಂಡ ಇದ್ದಾರಾ ಎಂದು ಕೇಳಿ ಹೋದ.

ಫೋನು ಮಾಡಿದೆ. ಅವರು ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರಿಗೆಲ್ಲ ಕೂಗಿ ಹೇಳಿದರು. ಗಾರೆ ಕಲಸುವ ಯಂತ್ರ ನಿಲ್ಲಿಸಲು ಹೇಳಿದರು. ಕೊನೆಗೂ ನಿಮ್ಮ ವಕೀಲೆಯ ಕಥೆಗೆ ಆಫೀಸರು ಮರುಳಾದನಲ್ಲ, ಏನು ಬರೆದಿದ್ದಾನೆ ಪೂರ್ತಿ ಓದು, ನನಗೆ ಒಂದೊಂದು ಅಕ್ಷರವೂ ಕೇಳಬೇಕು ಎಂದರು.

ಒಂದೊಂದೇ ಸಾಲನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಾ ಹೋದೆ. ಅರ್ಜಿ ಸಂಖ್ಯೆ, ತಾರೀಖು, ಕಾನೂನಿನ ಕಲಮು. ಎರಡನೆಯ ಪುಟದ ನಡುವೆ ಒಂದು ವಾಕ್ಯವಿತ್ತು. ಅದನ್ನು ಬಿಟ್ಟು ಮುಂದಕ್ಕೆ ಹೋಗಬಹುದಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಇನ್ನೊಂದು ತಿಂಗಳಲ್ಲಿ ಈ ಮನುಷ್ಯ ನನ್ನ ಬಾಗಿಲಿಗೆ ಬರುತ್ತಾರೆ, ಚಿಕ್ಕ ರೂಮಿರುವ ಮನೆ ಹುಡುಕಲು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಆಗಲಿ ರೀ ಎಂದು ಇನ್ನೆಷ್ಟು ಮನೆ ನೋಡಲಿ? ಓದಿದೆ. ‘ಪತ್ನಿಯ ಹೇಳಿಕೆಯಲ್ಲಿರುವ ಎಲ್ಲ ಅಂಶಗಳೂ ಲಗತ್ತಿಸಿದ ವೈದ್ಯಕೀಯ ದಾಖಲೆಗಳಿಂದ ಮತ್ತು ಸಾಕ್ಷಿಯಿಂದ ದೃಢಪಟ್ಟಿವೆ.’

‘ದಾಖಲೆ ಅಂದ್ರೆ?’ ಎಂದರು. ಇನ್ನೂ ನಗುವಿತ್ತು ದನಿಯಲ್ಲಿ. ‘ಒಗ್ಗರಣೆಗೆ ದಾಖಲೆ ಎಲ್ಲಿಂದ ತಂದ್ರಿ?’

ನಾನು ಕಾಗದವನ್ನು ಮಡಿಚತೊಡಗಿದೆ.

‘ಏನೇ, ಕೇಳಿಸ್ತಾ? ಕೈ ಮುರಿದಿದ್ದು?’

‘ಹ್ಞೂಂ.’

‘ಆ ಗುಂಡಿ?’

‘ಅದೂ ನಿಜ.’

ಆಮೇಲಿನದನ್ನು ಕೇಳಲು ಅವರಿಗೆ ತುಂಬ ಹೊತ್ತಾಯಿತು. ಆ ಕಡೆ ಯಾರೋ ಅವರನ್ನು ಕರೆದರು, ಇವರು ಓಗೊಡಲಿಲ್ಲ.

‘ಆ ಡಾಕ್ಟರ್ ಹೇಳಿದ್ದು?’

‘ನಿಜ ರೀ.’

‘ಯಾವಾಗ ಹೇಳಿದ್ದು?’

‘ನೀವು ಹೋದ ಮುಂದಿನ ವರ್ಷ.’

‘ಮೊದಲನೇ ಅರ್ಜಿಗೆ ಮುಂಚೆ.’ ಅದನ್ನು ಅವರು ನನ್ನನ್ನು ಕೇಳಲಿಲ್ಲ, ತಾವೇ ಹೇಳಿಕೊಂಡರು. ಆಮೇಲೆ, ‘ಅವತ್ತು ನಾನು ಫೋನ್ ಮಾಡಿರ್ಲಿಲ್ವಾ?’ ಎಂದರು.

‘ಮಾಡಿದ್ರಿ. ಆಸ್ಪತ್ರೆಯಿಂದ ಹೊರಗೆ ಬರ್ತಾ ಇದ್ದೆ, ಆಗಲೇ ಬಂತು ನಿಮ್ಮ ಫೋನು.’

‘ಏನಂದೆ ನೀನು?’

‘ಚೆನ್ನಾಗಿದ್ದೀನಿ ಅಂದೆ.’

ಅವರು ಬೈದಿದ್ದರೆ ಚೆನ್ನಾಗಿತ್ತು, ನನಗೆ ಬೈಗುಳಕ್ಕೆ ಉತ್ತರ ಕೊಟ್ಟು ಗೊತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಏನೋ ಸದ್ದು ಬರುತ್ತಿತ್ತು, ಯಂತ್ರ ಮತ್ತೆ ಶುರುವಾಯಿತೇನೋ ಅಂದುಕೊಂಡೆ. ಹನ್ನೊಂದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಹಾಗಾಗಿ ಅದು ಅಳುವೆಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.